ಸಂಪರ್ಕಿತ ಸ್ಕೂಟರ್‌ಗಳ ನಿಸ್ತಂತು ಭದ್ರತೆ

ಸ್ಕೂಟರ್ ಮತ್ತು ಫೋನಿನ ನಡುವೆ ಗಾಳಿಯಲ್ಲಿ ಸಾಗುವ ಸಂದೇಶವನ್ನು ಮೂರನೆಯವರು ಕದ್ದು ಕೇಳದಂತೆ, ತಿದ್ದದಂತೆ, ಮಾಲೀಕರ ಸೋಗಿನಲ್ಲಿ ಆಜ್ಞೆ ಕಳಿಸದಂತೆ ಕಾಯುವ ವ್ಯವಸ್ಥೆ. ಭಾರತದಲ್ಲಿ ಇಂಥ ಸ್ಕೂಟರ್‌ಗಳ ಕಥೆಗೆ ಕೃಷ್ಣಗಿರಿ ಜಿಲ್ಲೆಯ ನಂಟು ಗಾಢವಾಗಿದೆ. ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರು ಈ ಜಿಲ್ಲೆಯದೇ ಊರು. ಅಲ್ಲಿ ಕಾರ್ಖಾನೆಯುಳ್ಳ ಟಿವಿಎಸ್ ಮೋಟಾರ್ 2018ರ ಫೆಬ್ರವರಿಯಲ್ಲಿ ಎನ್‌ಟಾರ್ಕ್ 125 ತಂದಾಗ ಫೋನಿಗೆ ಬಂದ ಕರೆ, ಹೋಗಬೇಕಾದ ದಾರಿ ಬ್ಲೂಟೂತ್ ಮೂಲಕ ಮೀಟರಿನ ಮೇಲೆ ಮೂಡಿದವು. ಅದೇ ವರ್ಷ ಬೆಂಗಳೂರಿನಲ್ಲಿ ಬಿಡುಗಡೆಯಾದ ಏಥರ್ 450 ನೇರವಾಗಿ ಮೊಬೈಲ್ ಜಾಲಕ್ಕೇ ಸೇರಿತು. 2021ರಲ್ಲಿ ಏಥರ್ ತಯಾರಿಕೆ ಹೊಸೂರಿಗೆ ಬಂತು. ಅದೇ ಜಿಲ್ಲೆಯ ಪೋಚಂಪಳ್ಳಿಯ ಕಡೆ ಓಲಾ ಕಾರ್ಖಾನೆ ಎದ್ದಿತು.

ಬ್ಲೂಟೂತಿನ ಬೀಗ ಈ ಸ್ಕೂಟರ್‌ಗಳಿಗಿಂತ ಹಳೆಯದು, ಮೊದಲಿಗೆ ಬಲು ದುರ್ಬಲವಾಗಿತ್ತು. ಜೋಡಿಸುವಾಗ ಒತ್ತುತ್ತಿದ್ದ 0000 ಅಥವಾ 1234ರಂಥ ಪಿನ್‌ನಿಂದಲೇ ಗುಪ್ತ ಕೀಲಿ ಹುಟ್ಟುತ್ತಿತ್ತು. ಜೋಡಣೆಯ ಮಾತುಕತೆ ಕೈಗೆ ಸಿಕ್ಕರೆ ನಾಲ್ಕಂಕಿಯ ಪಿನ್ ಒಂದು ಸೆಕೆಂಡೂ ತಾಳದೆಂದು ಇಸ್ರೇಲಿನ ಶಾಕೆಡ್ ಮತ್ತು ವೂಲ್ 2005ರಲ್ಲಿ ತೋರಿಸಿದರು.

ನಿಜವಾದ ತಿರುವು 2007ರ ಬ್ಲೂಟೂತ್ ಆವೃತ್ತಿ 2.1. ಎರಡೂ ಸಾಧನಗಳು ಒಂದೊಂದು ಸಂಖ್ಯೆಯನ್ನು ಬಹಿರಂಗವಾಗಿಯೇ ವಿನಿಮಯ ಮಾಡಿಕೊಂಡು, ತಮ್ಮತಮ್ಮ ಗುಟ್ಟನ್ನು ಬೆರೆಸಿ, ಒಂದೇ ಕೀಲಿಗೆ ತಲುಪುತ್ತವೆ. ಕದ್ದು ಕೇಳಿದವರಿಗೆ ಅದು ದಕ್ಕದು. ಆದರೆ ಆ ತುದಿಯಲ್ಲಿರುವುದು ನಮ್ಮ ಸ್ಕೂಟರೇ ಎಂದು ಹೇಳುವವರಾರು? ಪರದೆಯಿರುವ ಸಾಧನಗಳಲ್ಲಿ ಎರಡೂ ಕಡೆ ಆರಂಕಿಯ ಸಂಖ್ಯೆ ಮೂಡುತ್ತದೆ. ನಡುವೆ ನುಸುಳಿದವರಿಗೆ ಅವು ತಾಳೆಯಾಗುವ ಸಾಧ್ಯತೆ 10 ಲಕ್ಷಕ್ಕೆ ಒಂದು. ಇಷ್ಟೆಲ್ಲ ಗಣಿತ ನಿಂತಿರುವುದು ಆ ಎರಡು ಸಂಖ್ಯೆಗಳನ್ನು ಕಣ್ಣಿಟ್ಟು ಓದುವವರ ಮೇಲೆ. ನೋಡದೆ ‘ಸರಿ’ ಒತ್ತಿದರೆ ಅದು ವ್ಯರ್ಥ.

2019ರಲ್ಲಿ ಹೊರಬಿದ್ದ ‘ನಾಬ್’ ದಾಳಿ, ಸಾಧನಗಳನ್ನು ಒಂದೇ ಬೈಟಿನ ಕೀಲಿಗೆ ಒಪ್ಪಿಸಬಹುದೆಂದು ತೋರಿಸಿತು: 256 ಪ್ರಯತ್ನದೊಳಗೆ ಬೀಗ ತೆರೆಯುತ್ತದೆ. ಕನಿಷ್ಠ ಏಳು ಬೈಟ್ ಇರಲೆಂಬ ಶಿಫಾರಸು ಆಮೇಲೆ ಬಂತು. 2022ರ ರಿಲೇ ದಾಳಿಯಲ್ಲಿ ಸಂಶೋಧಕರು ಗೂಢಲಿಪಿಯನ್ನು ಮುಟ್ಟಲೇ ಇಲ್ಲ. ದೂರದ ಫೋನಿನ ಸಂಕೇತವನ್ನು ಸಾಗಿಸಿ ತಂದು ಟೆಸ್ಲಾ ಕಾರಿನ ಬಾಗಿಲು ತೆರೆದರು. ಫೋನನ್ನೇ ಕೀಲಿಯಾಗಿಸುವ ಯಾವ ವಾಹನಕ್ಕೂ ಇದು ಎಚ್ಚರಿಕೆಯ ಗಂಟೆ. ಇಂಥ ದಾಳಿಯನ್ನು ತಡೆಯಲು ನೆರವಾಗುವಂತೆ 2024ರ ಬ್ಲೂಟೂತ್ 6.0 ಎರಡು ಸಾಧನಗಳ ನಡುವಿನ ದೂರವನ್ನು ಅಳೆಯುವ ವಿಧಾನ ತಂದಿತು.

ಗಾಳಿಯಲ್ಲೇ ಇಳಿಯುವ ತಂತ್ರಾಂಶಕ್ಕೆ ಬೇರೆ ಕಾವಲು ಬೇಕು. ತಯಾರಕರ ಡಿಜಿಟಲ್ ಸಹಿ ತಾಳೆಯಾಗದಿದ್ದರೆ ವಾಹನ ಅದನ್ನು ತಿರಸ್ಕರಿಸಬೇಕು. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಮಾತ್ರ ತೊಡಕು ಸರಳ: ಆರ್‌ಸಿಯಲ್ಲಿ ಹೆಸರು ಬದಲಾದರೂ, ಜೋಡಣೆ ಅಳಿಸುವ ತನಕ ಸ್ಕೂಟರಿನ ನೆನಪಿನಲ್ಲಿ ಹಳೆಯ ಮಾಲೀಕರ ಫೋನೇ ಇರುತ್ತದೆ.