ಶಕ್ತಿ, ಊರ್ಜಾ, ಎನರ್ಜಿ: ಹೊರನಾಡಿನಲ್ಲಿ ಕನ್ನಡದ ವಿಜ್ಞಾನಪದಗಳು

ಠಾಣೆಯ ನೌಪಾಡಾದಂತಹ ಬಡಾವಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ವಿಜ್ಞಾನವು ಮೂರು ಭಾಷೆಗಳ ನಡುವೆ ಬೆಳೆಯುತ್ತದೆ. ಮಕ್ಕಳ ಪಠ್ಯ ಇಂಗ್ಲಿಷಿನದು, ನೆರೆಹೊರೆಯ ಮಾತು ಮರಾಠಿಯದು, ಹಿರಿಯರು ಓದಿ ಬಂದದ್ದು ಕನ್ನಡದಲ್ಲಿ. ಇಂಗ್ಲಿಷಿನ ‘ಎನರ್ಜಿ’ಗೆ ಕನ್ನಡ ಪಠ್ಯಪುಸ್ತಕ ‘ಶಕ್ತಿ’ ಎನ್ನುತ್ತದೆ, ‘ಪವರ್’ಗೆ ‘ಸಾಮರ್ಥ್ಯ’ ಎನ್ನುತ್ತದೆ. ಮರಾಠಿಯಲ್ಲಿ ಎನರ್ಜಿ ‘ಊರ್ಜಾ’ ಆಗುತ್ತದೆ. ‘ಶಕ್ತಿ’ ಎಂಬುದು ಪವರ್‌ಗೆ ಸಲ್ಲುತ್ತದೆ. ವಿದ್ಯುತ್ ಬಿಲ್ಲಿನ ಕಿಲೋವ್ಯಾಟ್ ಗಂಟೆ ನಮಗೆ ಶಕ್ತಿಯ ಅಳತೆ. ಮರಾಠಿಯ ಶಕ್ತಿಯನ್ನು ಅಳೆಯುವುದು ಬರಿಯ ಕಿಲೋವ್ಯಾಟ್. ಒಂದೇ ಸಂಸ್ಕೃತ ಭಂಡಾರದಿಂದ ಪದಗಳನ್ನು ಆಯ್ದುಕೊಂಡ ನೆರೆಯ ಭಾಷೆಗಳೆರಡು ಹೀಗೆ ಬೇರೆಬೇರೆ ದಾರಿ ಹಿಡಿದಿವೆ.

ಕನ್ನಡದ ದಾರಿಯನ್ನು ಸಮೆಸಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಎರಡು ವರ್ಷಗಳಷ್ಟೇ ಬಾಳಿದ ಪತ್ರಿಕೆಯದು. ಆದರೂ ಕನ್ನಡದಲ್ಲಿ ಆಧುನಿಕ ವಿಜ್ಞಾನವನ್ನು ಬರೆಯಬಹುದೆಂಬುದನ್ನು ಅದು ಬರೆದೇ ತೋರಿಸಿತು. ಇದೇ ಬೆಳ್ಳಾವೆಯವರು ಮುಂದೆ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟರು, ‘ಜೀವವಿಜ್ಞಾನ’ವೆಂಬ ಗ್ರಂಥವನ್ನೂ ಬರೆದರು. ಹಳಗನ್ನಡದ ಪದಸಂಪತ್ತು ಮತ್ತು ಪ್ರಯೋಗಶಾಲೆ ಎರಡನ್ನೂ ಬಲ್ಲವರ ಕೈಯಲ್ಲಿ ನಮ್ಮ ಪರಿಭಾಷೆ ರೂಪುಗೊಂಡಿತೆಂಬುದು ಸಣ್ಣ ಸಂಗತಿಯಲ್ಲ. ಬಳಿಕ 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂದಿತು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದರು.

ಈ ಪದಗಳು ಇಂದು ಯಾರಿಗೆ ಬೇಕು ಎಂಬ ಪ್ರಶ್ನೆ ಹೊರನಾಡಿನಲ್ಲಿ ಹೆಚ್ಚು ಮೊನಚಾಗಿ ಎದುರಾಗುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿ, ಉದ್ಯೋಗ ಇಂಗ್ಲಿಷಿನಲ್ಲಿ. ನಮ್ಮ ಉತ್ತರವಿಷ್ಟು: ಇಂಗ್ಲಿಷಿನ ಪದವನ್ನು ಅರಿಯುವುದಕ್ಕೇ ಕನ್ನಡದ ಪದ ಬೇಕು. ‘ಆಕ್ಸಿಜನ್’ ಎಂಬುದು ಇಂಗ್ಲಿಷ್ ಬಲ್ಲವರಿಗೂ ಅರ್ಥ ಬಿಟ್ಟುಕೊಡದ ಗ್ರೀಕ್ ಮೂಲದ ಪದ. ‘ಆಮ್ಲಜನಕ’ವೆಂದೊಡನೆ ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥ ಕನ್ನಡ ಬಲ್ಲವರಿಗೆ ತಾನಾಗಿ ತೆರೆದುಕೊಳ್ಳುತ್ತದೆ. ಅದರೊಂದಿಗೆ ಒಂದು ತಪ್ಪೂ ಕಣ್ಣಿಗೆ ಬೀಳುತ್ತದೆ. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲವಿದೆಯೆಂದು ನಂಬಿ ಲವಾಸಿಯೆ ಆ ಹೆಸರನ್ನಿಟ್ಟನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂಬುದನ್ನು ಹಂಫ್ರಿ ಡೇವಿ 1810ರ ಹೊತ್ತಿಗೆ ತೋರಿಸಿಕೊಟ್ಟನು. ಹೆಸರು ಮಾತ್ರ ಉಳಿಯಿತು. ಮರಾಠಿಯ ‘ಪ್ರಾಣವಾಯು’ ಈ ತಪ್ಪಿನಿಂದ ಪಾರಾಗಿದೆ, ಆದರೆ ವಿಜ್ಞಾನದ ಆ ಜಗಳದ ಕತೆಯನ್ನು ಹೇಳುವುದಿಲ್ಲ.

ತಳಿವಿಜ್ಞಾನದಲ್ಲಿಯೂ ಇಂತಹುದೇ ಭೇದವಿದೆ. ಜೀವಕೋಶಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಾಢವಾಗಿ ಬಣ್ಣ ಹೀರಿ ಎದ್ದು ಕಂಡ ಎಳೆಗಳಿಗೆ 1888ರಲ್ಲಿ ಜರ್ಮನಿಯ ವಾಲ್ಡೆಯರ್ ‘ಕ್ರೋಮೋಸೋಮ್’ ಎಂದು ಹೆಸರಿಟ್ಟನು. ಬಣ್ಣದ ಕಾಯವೆಂದು ಅದರ ಅರ್ಥ. ಕನ್ನಡದ ‘ವರ್ಣತಂತು’ ಆ ಬಣ್ಣವನ್ನು ಉಳಿಸಿಕೊಂಡಿತು. ಮರಾಠಿಯ ‘ಗುಣಸೂತ್ರ’ ಬಣ್ಣವನ್ನು ಬಿಟ್ಟು, ಗುಣಗಳನ್ನು ದಾಟಿಸುವ ಅದರ ಕೆಲಸವನ್ನು ಹಿಡಿಯಿತು. ಒಂದು ಪದ ನೋಡಿದ್ದನ್ನು ಹೇಳುತ್ತದೆ, ಇನ್ನೊಂದು ತಿಳಿದದ್ದನ್ನು. ಎರಡನ್ನೂ ಬಲ್ಲ ಮಗುವಿಗೆ ಮೂರನೆಯ ಪದವನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ.

ಭೂವಿಜ್ಞಾನಕ್ಕೆ ಬಂದರೆ ಪದಗಳ ಸಂಚಾರ ಒಮ್ಮುಖವಾದುದಲ್ಲವೆಂಬುದು ಕಾಣುತ್ತದೆ. ಠಾಣೆಯ ಸಮೀಪದ ಪಾರಸಿಕ ಬೆಟ್ಟದ ಕರಿಕಲ್ಲು ಲಾವಾ ಹರಿದು ತಣಿದ ಅಗ್ನಿಶಿಲೆ. ಅದು ಸೇರಿದ ವಿಶಾಲ ರಾಶಿಗೆ ‘ಡೆಕ್ಕನ್ ಟ್ರ್ಯಾಪ್’ ಎಂದು ಹೆಸರು; ‘ಟ್ರ್ಯಾಪ್’ ಎಂದರೆ ಇಲ್ಲಿ ಬಲೆಯಲ್ಲ, ಮೆಟ್ಟಿಲು. ಸ್ವೀಡಿಷ್ ಭಾಷೆಯಿಂದ ಬಂದ ಆ ಪದ ನಮ್ಮ ದಖ್ಖನ್ನಿನ ಹೆಸರಿನೊಡನೆ ಬೆಸೆದುಕೊಂಡಿದೆ. ದಕ್ಷಿಣಕ್ಕೆ ಸಾಗಿದರೆ ಇನ್ನೂ ಪ್ರಾಚೀನವಾದ ಶಿಲೆಗಳು ಸಿಗುತ್ತವೆ. ಅವುಗಳಿಗೆ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಧಾರವಾಡದ ಹೆಸರನ್ನಿಟ್ಟನು. ಹೀಗೆ ನಮ್ಮ ಊರಿನ ಹೆಸರೊಂದು ಲೋಕದ ಭೂವಿಜ್ಞಾನಿಗಳ ನಾಲಗೆಗೆ ಏರಿತು. ರಾಮನಗರದ ಬೆಟ್ಟಗಳ ಕಲ್ಲಿನದು ಇನ್ನೊಂದು ಬಗೆಯ ಕತೆ. ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ನೆನಪಿನಲ್ಲಿ ಆ ಊರು ಕ್ಲೋಸ್‌ಪೇಟೆಯಾಗಿತ್ತು; ಆ ಹೆಸರು ಊರಿನಿಂದ ಅಳಿದರೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂಬಲ್ಲಿ ನಿಂತುಬಿಟ್ಟಿದೆ.

ಕನ್ನಡದ ವಿಜ್ಞಾನಪದಗಳು ಕರ್ನಾಟಕದಲ್ಲಿ ಮಾತ್ರ ಅಚ್ಚಾಗುತ್ತವೆಂದು ತಿಳಿಯಬೇಕಾಗಿಲ್ಲ. ಜತ್ತ, ಅಕ್ಕಲಕೋಟೆಗಳ ಕಡೆಯ ಕನ್ನಡ ಶಾಲೆಗಳಿಗಾಗಿ ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡ ಪಠ್ಯಗಳನ್ನು ಪ್ರಕಟಿಸುತ್ತ ಬಂದಿದೆ. ನಾವು ವಾಸವಾಗಿರುವ ರಾಜ್ಯದ್ದೇ ಆದ ಆ ಪುಸ್ತಕಗಳು ನಮ್ಮ ಮನೆಗಳಲ್ಲಿ ಕಾಣಸಿಗುವುದು ಅಪರೂಪ. ಅವುಗಳಲ್ಲೊಂದನ್ನು ಇಂಗ್ಲಿಷ್ ಪಠ್ಯದ ಪಕ್ಕದಲ್ಲಿ ಇರಿಸಿಕೊಂಡು, ಮಗು ‘ಎನರ್ಜಿ’ ಎಂದಾಗ ನಾವು ‘ಶಕ್ತಿ’ ಎಂದರೆ, ನೆರೆಮನೆಯವರು ಅದನ್ನೇ ‘ಊರ್ಜಾ’ ಎಂದು ಏಕೆ ಕರೆಯುತ್ತಾರೆಂಬ ಪ್ರಶ್ನೆ ಮಗುವಿನಿಂದಲೇ ಬರುತ್ತದೆ. ವಿಜ್ಞಾನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭವನ್ನು ನಾವು ಕಾಣೆವು.