ಮೊಳಕೆ ಜೋಳ, ಹಿಪ್ಪಲಿ ಮತ್ತು ಮನೆಯಾಗಿನ ಗಡಿಗೆ

ಹೋದ ವಾರ ಬೆಂಗಳೂರಿಂದ ತಂಗಿ ಮಗ ಬಂದಿದ್ದ. ಕಣದಾಗಿನ ಬಿಳಿಜೋಳ ಮುಷ್ಟಿಯಾಗ ಹಿಡಿದು, "ಮಾಮಾ, ಇದನ್ನ ಮೊಳಕೆ ಕಟ್ಟಿಕೊಡು. ಹಳೇ ಕಾಲದ ಇಂಗ್ಲಿಷರ ಮಸಾಲಿ ಏಲ್ ಮನ್ಯಾಗ ಮಾಡೂಣು" ಅಂದ. ಏಲ್ ಅಂದ್ರ ಬಿಯರಿನ ಹಿರಿಯಕ್ಕ ಅಂತ ತಿಳಕೊಳ್ರಿ. ಅಪ್ಪನ ನೆನಪಾಗಿ ಮೊದಲು ಸಿಟ್ಟೇ ಬಂತು. ಆಮ್ಯಾಲೆ ನೋಡೇ ಬಿಡೋಣ ಅಂತ ಓದಾಕ ಕುಂತೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಏಲ್ ಮಾಡುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದಾಗಿತ್ತು. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು ಬಿಸಿನೀರಿಗೆ ಹಾಕಿದರೆ ಕಾಳಿನ ಪಿಷ್ಟ ಸಕ್ಕರೆ ಆಗ್ತದ. ಆ ಸಿಹಿನೀರು ಹುಳಿತರೆ ಏಲ್. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಅಲ್ಲಿ ರೂಢಿಗೆ ಬಂದದ್ದು 15ನೇ ಶತಮಾನದಿಂದ ಈಚೆಗೆ. ಅದಕ್ಕೂ ಮೊದಲು ಗಿಡಮೂಲಿಕೆ ಹಾಕ್ತಿದ್ರು. ಉಳ್ಳವರು ಚಳಿಗಾಲಕ್ಕೆ ಶುಂಠಿ, ಜಾಜಿಕಾಯಿ ಹಾಕಿ ಬೆಚ್ಚಗ ಕುಡೀತಿದ್ರು. ಶುಂಠಿ, ಮೆಣಸು ಅಲ್ಲಿಯವಲ್ಲ, ನಮ್ಮ ಪಡುವಣ ಕರಾವಳಿ ಕಡೆಯವು. 1600ರಾಗ ಅವರು ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ್ದೇ ಇಂಥ ಮಸಾಲಿ ಆಸೆಗೆ.

ಹಂಗಾದ್ರ ನಮ್ಮಲ್ಲಿ? ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳಿಗೆ ಸಿಕ್ಕ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ 1909ರಾಗ ಅಚ್ಚಾಯಿತು. ಅದರಾಗ ಸುರಾಧ್ಯಕ್ಷ ಅಂತ ಒಬ್ಬ ಅಧಿಕಾರಿ. ಈಗಿನ ಅಬಕಾರಿ ಸಾಹೇಬ ಅನ್ರಿ. 'ಮೈರೇಯ' ಅನ್ನೋ ಮದ್ಯಕ್ಕೆ ಒಂದು ಗಿಡದ ತೊಗಟೆಯ ಕಷಾಯ, ಬೆಲ್ಲ, ಹಿಪ್ಪಲಿ, ಮೆಣಸು. ಮಸಾಲಿ ಏಲಿನ ದಾಯಾದಿ ಅಲ್ಲೇನು! ಹುಳಿ ಬರಿಸಲಿಕ್ಕೆ 'ಕಿಣ್ವ' ಬೇಕು. ಅದಕ್ಕೆ ಉದ್ದು, ಅಕ್ಕಿ, ಕೆಲವು ಮೂಲಿಕೆ. ಓದಿದಾಗ ನಗು ಬಂತು, ಇಡ್ಲಿ ಹಿಟ್ಟಿನ ಜೋಡಿನೇ ಅದು. ಶಾಲಿ ಪುಸ್ತಕದಾಗ ಕಿಣ್ವ ಅಂತ ಓದಿದ್ವಲ್ರಿ, ಅದೇ ಪದ.

ಇನ್ನೊಂದು ಮಾತು ನನ್ನ ಹಿಡಿದು ನಿಲ್ಲಿಸ್ತು. ಸಂಸಾರಸ್ಥರು ಶುಭಕಾರ್ಯಕ್ಕ ಬಿಳಿ ಸುರೆಯನ್ನ, ಔಷಧಿಗೆ ಅರಿಷ್ಟವನ್ನ ತಾವೇ ಮಾಡಿಕೊಳ್ಳಬಹುದಿತ್ತು. ಹಬ್ಬ, ಜಾತ್ರಿಗೆ 4 ದಿನದ ಸಡಿಲಿಕೆ. ಹಂಗಂತ ರಾಜ ಲೆಕ್ಕ ಬಿಟ್ಟವನಲ್ಲ, ಸರಕಾರದ್ದಲ್ಲದ ಮದ್ಯ ಮಾರಿದರೆ ನೂರಕ್ಕೆ 5 ಸುಂಕ. ನಮ್ಮ ಕಲ್ಯಾಣ ಚಾಲುಕ್ಯರ 3ನೇ ಸೋಮೇಶ್ವರ 12ನೇ ಶತಮಾನದಾಗ ಬರೆದ ಮಾನಸೋಲ್ಲಾಸದಲ್ಲೂ ಅರಸರ ಆಟಗಳ ಸಾಲಿನಲ್ಲಿ ಸಸ್ಯಕ್ರೀಡೆ, ಮದಿರಾಪಾನಕ್ರೀಡೆ ಎರಡೂ ಅವ. ಬೆಳಿ ಅವರಿಗೆ ಆಟ, ನಮಗ ಹೊಟ್ಟಿ. ಅದೇ ಶತಮಾನದ ಶರಣರಾಗ ಹೆಂಡದ ಮಾರಯ್ಯನವರೂ ಒಬ್ಬರು. ಹೆಂಡ ಮಾರುವ ಕಾಯಕದವರು, ವಚನ ಬರೆದವರು. ನಮ್ಮ ಕೂಡಲಸಂಗಮದಾಗ ಬೆಳೆದ ಬಸವಣ್ಣನವರ ಜೊತೆ ಸಮನಾಗಿ ಕುಂತವರು.

ಜೋಳದ ಮೊಳಕೆ ಬಗ್ಗೆ ಹುಷಾರಿ ಹೇಳಬೇಕು. ಎಳೇ ಜೋಳ, ಕೂಳಿ ಚಿಗುರು ತಿಂದು ದನ ಒದ್ದಾಡಿ ಸಾಯೋದು ನಮ್ಮೆಲ್ಲರಿಗೂ ಗೊತ್ತು. ಆ ಸೈನೈಡ್ ವಿಷ ಮೊಳಕೆಯಾಗೂ ಹುಟ್ಟತದ. ಜೋಳ ಮೂಲತಃ ಆಫ್ರಿಕಾದ್ದು. ಅಲ್ಲಿ ಜೋಳದ ಬಿಯರು ಇವತ್ತಿಗೂ ಮನೆಮನೆಯ ಕೆಲಸ. ಮೊಳಕೆ ಒಣಗಿಸಿ, ಬೀಸಿ, ಕುದಿಸ್ತಾರ. ಹೆಸರುಕಾಳಿನಂಗ ಜೋಳದ ಮೊಳಕೆ ಹಸೀದು ಯಾರೂ ತಿನ್ನಬ್ಯಾಡ್ರಿ.

ಹುಡುಗಗ ನಾ ಮಾಡಿಕೊಡಲಿಲ್ಲ. ಲೈಸೆನ್ಸಿಲ್ಲದೆ ಮನ್ಯಾಗ ಮದ್ಯ ಮಾಡೋದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಕಾರಣ ಅಪ್ಪ. ಹಳ್ಳದ ದಂಡಿಯ 2 ಎಕರೆ ಎರಿ ಭೂಮಿ ಸಾರಾಯಿ ಪಾಕೀಟಿಗೆ ಹೋತು. ಸರಕಾರ 2007ರ ಜುಲೈ 1ಕ್ಕ ಸಾರಾಯಿ ನಿಲ್ಲಿಸಿತು. ಅಪ್ಪ ಅದಕ್ಕೂ ಎರಡು ವರ್ಷ ಮೊದಲೇ ಹೋಗಿದ್ದ. ಹುಳಿಸಿದ್ದು ಬ್ಯಾರೆ, ಭಟ್ಟಿ ಇಳಿಸಿ ಪಾಕೀಟಿಗೆ ತುಂಬಿದ್ದು ಬ್ಯಾರೆ ಅಂತ ಈಗ ಓದಿ ತಿಳದೈತಿ. ತಿಳದರೂ ಕೈ ಬರವಲ್ದು.

ಬದಲಿಗೆ ಜೋಳದ ಅಂಬಲಿ ಕಾಸಿ, ರಾತ್ರಿ ಗಡಿಗ್ಯಾಗ ಹುಳಿ ಬರಿಸಿ, ಮುಂಜಾನೆ ಮಜ್ಜಿಗಿ, ಜೀರಿಗಿ, ಶುಂಠಿ ಹಾಕಿದೆ. ಹುಡುಗ ಎರಡು ಚರಿಗಿ ಕುಡದ. ಅವ್ವಗೂ ಕೊಡಾಕ ಹೋದೆ. ಚರಿಗಿ ಮುಟ್ಟಲಿಲ್ಲ ಆಕಿ, ಗಡಿಗಿ ಮುಚ್ಚಳ ತೆಗೆದು ಮೊದಲು ಮೂಸಿ ನೋಡಿದಳು.