ಹುಲಿಕೆರೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಹಳೇಬೀಡಿನ ಸಮೀಪವಿರುವ ಗ್ರಾಮ. ಹೊಯ್ಸಳರ ಕಾಲದ ಕಲ್ಯಾಣಿಗೆ ಹೆಸರಾದುದು. ನೆಲಮಟ್ಟದಿಂದ ಕೆಳಗಿಳಿಯುವ ಕಲ್ಲಿನ ಮೆಟ್ಟಿಲುಗಳ ನಡುವೆ ಪುಟ್ಟ ಶಿಖರಗಳುಳ್ಳ ಕಿರುಗುಡಿಗಳು ನಿಂತಿವೆ. ನೀರು ತುಂಬಿದಷ್ಟೂ ಕೆಳಗಿನ ಮೆಟ್ಟಿಲುಗಳು ಮರೆಯಾಗುತ್ತವೆ. ಸುತ್ತಲ ನಿಸರ್ಗನೋಟಗಳೊಡನೆ ಸೇರಿಸಿಯೇ ಇದನ್ನು ನೋಡುವುದು ಉಚಿತ. ಹತ್ತಿರದ ಪುಷ್ಪಗಿರಿಯ ನೆತ್ತಿಯಿಂದ ಗುಡ್ಡಗಳ ಸಾಲು, ಹೊಲಗದ್ದೆ, ದ್ವಾರಸಮುದ್ರ ಕೆರೆಯ ಹರವು ಒಂದೇ ನೋಟಕ್ಕೆ ಸಿಗುತ್ತವೆ. ಹಳೇಬೀಡಿನ ಹಳೆಯ ಹೆಸರೇ ಈ ಕೆರೆಯದು. ಹೊಯ್ಸಳರ ರಾಜಧಾನಿ ಇಲ್ಲಿ ನೆಲೆಯೂರಲು ನೀರಿನ ಆಸರೆಯೂ ಬೇಕಿತ್ತೆಂಬುದಕ್ಕೆ ಇದು ಸಾಕ್ಷಿ.

ಮನುಷ್ಯ ಕಟ್ಟಿದ ಕೆರೆ, ಕಲ್ಯಾಣಿಗಳನ್ನು ನಿಸರ್ಗತಾಣವೆನ್ನಬಹುದೇ ಎಂಬ ಆಕ್ಷೇಪ ಸಹಜ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯ ಬಸಾಲ್ಟ್ ಕಂಬಗಳಂತೆ ಇವು ತಾವಾಗಿಯೇ ಮೂಡಿದವಲ್ಲ, ನಿಜ. ಆದರೆ ಕೆರೆಯ ಏರಿಗೆ ಜಾಗ ತೋರಿಸಿದ್ದು ನೆಲದ ಇಳಿಜಾರು. ಅದನ್ನು ತುಂಬಿಸುವುದು ಮಳೆ. ಹೊಯ್ಸಳ ದೇಗುಲಗಳ ಸೂಕ್ಷ್ಮ ಕೆತ್ತನೆಗೆ ಒದಗಿದ ಮೃದುವಾದ ಬಳಪದ ಕಲ್ಲೂ ನೆಲದ ಕೊಡುಗೆಯೇ. ಆದರೂ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು. ಪ್ರವಾಸಿಗರ ಗಮನವೂ ಶಿಲ್ಪಗಳತ್ತಲೇ ಹರಿಯುತ್ತದೆ. ಸಮಯವಿಲ್ಲದವರಿಗೆ ಅಷ್ಟೇ ಸಾಕೆನ್ನುವುದು ತಪ್ಪಲ್ಲವಾದರೂ, ಶಿಲ್ಪಗಳನ್ನಷ್ಟೇ ನೋಡಿದವರಿಗೆ ರಾಜಧಾನಿಯ ವೈಭವ ತಿಳಿಯುತ್ತದೆಯೇ ಹೊರತು ಅದನ್ನು ಪೊರೆದ ನೆಲ-ನೀರಿನ ವ್ಯವಸ್ಥೆ ತಿಳಿಯದು. ಮಳೆಗಾಲ ಮುಗಿದ ತಿಂಗಳುಗಳು ಭೇಟಿಗೆ ಅನುಕೂಲ.